ತಡೀರಿ ಅಣ್ಣ ಹೊರಗೆ ತೆಗೆದ ದನಿ

ಇಪ್ಪತ್ತಾರು ವರ್ಷ ನಾನು ಜನರಿಗೆ ಕಾರು ಓಡಿಸುವುದನ್ನು ಕಲಿಸಿದೆ. ಬಿಡಿಸಿ ಹೇಳಬೇಕೆಂದರೆ ಇಪ್ಪತ್ತಾರು ವರ್ಷ ಪಕ್ಕದ ಸೀಟಿನಲ್ಲಿ ಕೂತು ಅರಚಿದೆ. "ಕ್ಲಚ್ ಮೇಲಿಂದ ಕಾಲು ತೆಗೀಬೇಡಿ!" "ಆ ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕಲ್ಲ ರೀ, ಹಿಂದೆ ನೋಡೋಕೆ!" ಕಲಿಯುವವರು ಬೆನ್ನ ಹಿಂದೆ ನನ್ನನ್ನು ಹಾರ್ನ್ ಮೇಡಂ ಎನ್ನುತ್ತಿದ್ದರು. ಒಮ್ಮೆ ಸ್ಕೂಲಿನ ಹಳೆಯ ಕಾರಿನ ಹಾರ್ನ್ ಕೆಟ್ಟು ಆರು ತಿಂಗಳಾದರೂ ಮಾಲೀಕರು ರಿಪೇರಿ ಮಾಡಿಸಲಿಲ್ಲ. ಕೇಳಿದರೆ, "ನೀವಿದ್ದೀರಲ್ಲ ಮೇಡಂ" ಎಂದರು. ಅಂಥ ಗಂಟಲಲ್ಲಿ ಹೋದ ವರ್ಷ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರು ಡಾಕ್ಟರು.

ಕಾಯಿಲೆಯ ಪುರಾಣ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ನಾನು ಬರೆಯಲು ಕೂತಿರುವುದು ಒಬ್ಬ ಮನುಷ್ಯರ ಬಗ್ಗೆ. ತಮ್ಮ ಕಥೆಯನ್ನು ಅವರೇ ಹೇಳಲಿ ಎಂದು ಬಿಟ್ಟರೆ ಮೊದಲನೆಯ ವಾಕ್ಯವನ್ನು ಮೂರು ಸಲ ತಿದ್ದಿ, ನಾಲ್ಕನೆಯ ಸಲ ಓದಿ ನೋಡಿ, ಇನ್ನೊಮ್ಮೆ ಯೋಚನೆ ಮಾಡೋಣ ಎಂದು ಎದ್ದುಬಿಡುತ್ತಾರೆ. ಆ ಸಾವಧಾನ ನನಗಿಲ್ಲ. ಹಾಗಾಗಿ ನಾನೇ ಬರೆಯುತ್ತೇನೆ.

ಗಂಟಲು ಹೋಗುತ್ತದೆ ಎಂದಾಗ ನನಗೆ ನನ್ನ ಚಿಂತೆ ಅಷ್ಟಾಗಿ ಇರಲಿಲ್ಲ. ಸ್ಲೇಟು ಹಿಡಿದು ಬರೆದು ತೋರಿಸುತ್ತೇನೆ, ಕೈಸನ್ನೆ ಮಾಡುತ್ತೇನೆ, ಹೇಗೋ ಬದುಕುತ್ತೇನೆ. ನನ್ನ ಯಜಮಾನರು ಮದುವೆಯಾದಾಗಿನಿಂದ ದಿನಕ್ಕೆ ಹತ್ತು ಮಾತು ಆಡಿದವರಲ್ಲ, ಇಬ್ಬರ ಪಾಲನ್ನೂ ನಾನೇ ಆಡುತ್ತಿದ್ದೆ. ಅವರಿಗೆ ಬೇಕಾದರೆ ಇನ್ನು ಸ್ವಲ್ಪ ಕಲಿತುಕೊಳ್ಳಲಿ. ಚಿಂತೆ ಇದ್ದದ್ದು ಅಮ್ಮನದು. ಅಮ್ಮನಿಗೆ ಎಂಬತ್ತಮೂರು. ನಮ್ಮ ಜೊತೆಯಲ್ಲೇ ಇರುವುದು. ಏಳು ವರ್ಷದಿಂದ ಎರಡು ಕಣ್ಣೂ ಕಾಣದು, ಈಚೆಗೆ ನೆನಪೂ ಕೈಕೊಡುತ್ತಿತ್ತು. ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ನೆನಪಿರದು, ಅಳಿಯನ ಕೈ ಮುಟ್ಟಿ ಯಾರಪ್ಪಾ ನೀನು ಎಂದು ಕೇಳುವಳು. ನನ್ನ ದನಿ ಕೇಳಿದರೆ ಮಾತ್ರ ತಟ್ಟನೆ ತಿರುಗುವಳು. ನನ್ನ ದನಿಯೊಂದೇ ಅವಳಿಗೆ ಹಗಲು ರಾತ್ರಿ ತಿಳಿಸುವ ಗಡಿಯಾರ, ಬಚ್ಚಲಿನ ದಾರಿ, ಮಾತ್ರೆಯ ಹೊತ್ತು ಎಲ್ಲವೂ ಆಗಿತ್ತು. ಕಣ್ಣಿಲ್ಲದವಳಿಗೆ ಸ್ಲೇಟಿನ ಮೇಲೆ ಬರೆದು ನಾನೇನು ತೋರಿಸಲಿ?

ಡಾಕ್ಟರು ನನ್ನನ್ನು ಮಾತಿನ ಚಿಕಿತ್ಸಾಲಯಕ್ಕೆ ಕಳಿಸಿದರು. ಅಲ್ಲಿಯ ಚಿಕಿತ್ಸಕಿ ಮೂವತ್ತು ದಾಟದ ಹೆಣ್ಣುಮಗಳು, ತಾಳ್ಮೆಯ ಮುದ್ದೆ. ಗಂಟಲು ತೆಗೆಯುವ ಮೊದಲೇ ದನಿಯನ್ನು ಹಿಡಿದಿಡಬಹುದು ಎಂದಳು. ಸಾವಿರದ ಆರುನೂರು ವಾಕ್ಯಗಳನ್ನು ನಾನು ಓದಬೇಕು. ಅದರಿಂದ ಒಂದು ಕೃತಕ ದನಿ ಕಟ್ಟುತ್ತಾರೆ. ಆಮೇಲೆ ನಾನು ಟ್ಯಾಬ್ ಮೇಲೆ ಏನು ಒತ್ತಿದರೂ ಅದು ನನ್ನ ದನಿಯಲ್ಲಿ ಮಾತಾಡುತ್ತದೆ. ಮೂರನೆಯ ಮಹಡಿಯಲ್ಲಿ, ಗೋಡೆಗೆಲ್ಲ ಸ್ಪಂಜು ಮೆತ್ತಿದ, ಬಚ್ಚಲಿನಷ್ಟು ಅಗಲದ ಕೋಣೆಯಲ್ಲಿ ಹನ್ನೊಂದು ದಿನ ಕೂತು ಓದಿದೆ. ಎಂಥೆಂಥ ವಾಕ್ಯಗಳು! "ನೀಲಿ ಛತ್ರಿಯನ್ನು ಬಾಗಿಲ ಹಿಂದೆ ಇಡಲಾಗಿದೆ." "ನಿಮ್ಮ ಸಹಕಾರಕ್ಕೆ ಧನ್ಯವಾದಗಳು." ನಾನು ಹುಟ್ಟಿದಾರಭ್ಯ ಆಡದ ಮಾತುಗಳು. ಕೆಮ್ಮಿದರೆ, ತಡವರಿಸಿದರೆ, ನಡುವೆ ಬೇರೇನಾದರೂ ಮಾತಾಡಿದರೆ ಆ ತುಣುಕನ್ನು ಪಕ್ಕಕ್ಕೆ ಹಾಕಿ ಮತ್ತೆ ಓದಿಸುವರು. ಹನ್ನೊಂದನೆಯ ದಿನ ಕೊನೆಯ ವಾಕ್ಯ ಮುಗಿಸಿದಾಗ ನಾಲ್ಕು ದಿನದಲ್ಲಿ ಆಪರೇಶನ್ ಇತ್ತು.

ಆ ಕೋಣೆಯಿಂದ ಹೊರಬಂದರೆ ಮೆಟ್ಟಿಲ ಪಕ್ಕ ಕುಡಿಯುವ ನೀರಿನ ನಲ್ಲಿ, ಅದರ ಪಕ್ಕ ಒಂದು ಕಿರಿದಾದ ಬಾಗಿಲು. ಅದರೊಳಗೆ ಸದಾ ಗುಂಯ್ ಎನ್ನುವ ಸರ್ವರ್‌ಗಳ ಜೊತೆ ಒಬ್ಬರು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದರು. ಐವತ್ತೆರಡು ಐವತ್ತಮೂರರ ವಯಸ್ಸು, ಕಿವಿಯ ಮೇಲೆ ಪೆನ್ಸಿಲ್. ಯಾರು ಏನು ಕೇಳಿದರೂ ಅವರ ಮೊದಲನೆಯ ಮಾತು "ತಡೀರಿ" ಎಂದೇ. ಪ್ರಿಂಟರ್ ಕೆಟ್ಟಿದೆ ಬನ್ನಿ ಎಂದರೆ ತಡೀರಿ. ಊಟಕ್ಕೆ ಬನ್ನಿ ಎಂದರೂ ತಡೀರಿ. ಇಡೀ ಚಿಕಿತ್ಸಾಲಯ ಅವರನ್ನು ತಡೀರಿ ಅಣ್ಣ ಎಂದೇ ಕರೆಯುತ್ತಿತ್ತು. ನಾನು ವಯಸ್ಸಿನಲ್ಲಿ ದೊಡ್ಡವಳಾದರೂ ಅದೇ ಹೆಸರು ನನ್ನ ಬಾಯಿಗೂ ಹತ್ತಿತು. ನಿಜ ಹೇಳುತ್ತೇನೆ, ಆಗ ಅವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಒಮ್ಮೆ ಮೈಕ್ ಕೆಲಸ ಮಾಡದೆ ಹೋದಾಗ ಬಂದವರು, ಹಳೆಯ ಅಪಾಯಿಂಟ್‌ಮೆಂಟ್ ಚೀಟಿಯ ಹಿಂಬದಿಯಲ್ಲಿ ಏನೋ ಬರೆದುಕೊಂಡು, ಬರೆದುದರ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿಕೊಂಡು, ಆಮೇಲೆ ಕೀಬೋರ್ಡ್ ಮುಟ್ಟಿದರು. ಕಾರು ಕಲಿಯಲು ಬಂದಿದ್ದರೆ ಈ ಮನುಷ್ಯ ಮೂರನೆಯ ಗೇರ್ ಕಾಣಲು ಒಂದು ವರ್ಷ ಬೇಕಾಗುತ್ತಿತ್ತು ಎಂದುಕೊಂಡೆ.

ಅವರ ಹಿಂದಿನ ಕಥೆ ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ, ತುಂಡು ತುಂಡಾಗಿ. ಸ್ವಲ್ಪ ಅವರಿಂದ, ಹೆಚ್ಚು ಪಾಲು ಅವರ ಹೆಂಡತಿಯಿಂದ. ಹದಿನಾರನೆಯ ವಯಸ್ಸಿಗೆ ಓದು ಬಿಟ್ಟು ಅವರು ಊರ ಹೊರಗಿನ ಕೋಲ್ಡ್ ಸ್ಟೋರೇಜ್‌ಗೆ ಸೇರಿದ್ದರು. ಹಣ್ಣು, ತರಕಾರಿ, ಹೂವು, ಔಷಧಿ, ಏನೇನೋ ಇಡುವ ಎಂಟು ದೊಡ್ಡ ಕೋಣೆಗಳು. ಅವುಗಳ ಯಂತ್ರ ನೋಡಿಕೊಳ್ಳುವುದು ಇವರ ಕೆಲಸ. ಕೆಲಸ ಕಲಿತ ಹೊಸದರಲ್ಲಿ ಒಂದು ದಿನ ಮೂರನೆಯ ಕೋಣೆಯ ಯಂತ್ರ ಬಿಚ್ಚಬೇಕಾಗಿತ್ತು. ರಿಜಿಸ್ಟರ್ ನೋಡಿದರು. "ಮೂರು, ಖಾಲಿ" ಎಂದು ಬರೆದಿತ್ತು. ನಿಲ್ಲಿಸಿದರು. ಬಾಗಿಲು ತೆಗೆದು ನೋಡಲಿಲ್ಲ. ಮರುದಿನ ತೆಗೆದರೆ ಒಳಗೆ ಒಂದು ಮದುವೆಗೆಂದು ತಂದಿಟ್ಟ ನಲವತ್ತು ಬುಟ್ಟಿ ಹೂವು, ಕಂದು ಬಣ್ಣಕ್ಕೆ ತಿರುಗಿ ಮಲಗಿತ್ತು. ಯಾರೋ ಆರನೆಯ ಕೋಣೆಯ ಸಾಮಾನನ್ನು ಮೂರಕ್ಕೆ ಹಾಕಿ ಬರೆಯುವುದನ್ನು ಮರೆತಿದ್ದರು. ಮದುವೆ ಹುಡುಗಿಯ ತಂದೆ ಬಂದರಂತೆ. ಬೈಯಲಿಲ್ಲ. ಬುಟ್ಟಿಯೊಂದರಿಂದ ಒಂದು ಹೂವು ತೆಗೆದು ನೋಡಿ, ಮತ್ತೆ ಅಲ್ಲೇ ಇಟ್ಟು ಹೋದರಂತೆ. "ನಾಲ್ಕು ಮಾತು ಬೈದಿದ್ರೆ ಇವರು ಅವತ್ತೇ ಮರೀತಿದ್ರು ಅಕ್ಕ, ಸುಮ್ನೆ ಹೋದ್ರಲ್ಲ, ಅದಕ್ಕೇ ಇವತ್ತಿಗೂ ನಮ್ಮನೆ ಫ್ರಿಜ್ ಆಫ್ ಮಾಡೋಕೆ ಮುಂಚೆನೂ ಎರಡು ಸಲ ಬಾಗಿಲು ತೆಗೆದು ನೋಡ್ತಾರೆ" ಎಂದರು ಅವರ ಹೆಂಡತಿ.

ಇಪ್ಪತ್ತೈದು ವರ್ಷದ ಮೇಲೆ ಆ ಕೋಲ್ಡ್ ಸ್ಟೋರೇಜ್ ಮುಚ್ಚಿತು. ಅಲ್ಲಿ ಇಲ್ಲಿ ಎ.ಸಿ. ರಿಪೇರಿ ಮಾಡಿಕೊಂಡಿದ್ದವರು ಈ ಚಿಕಿತ್ಸಾಲಯದ ಸರ್ವರ್ ಕೋಣೆಯ ಎ.ಸಿ. ರಿಪೇರಿಗೆ ಬಂದರು. ಬಂದವರು ಹೋಗಲೇ ಇಲ್ಲ. ಯಾವ ತಂತಿ ಯಾವ ಯಂತ್ರಕ್ಕೆ ಹೋಗುತ್ತದೆ ಎಂದು ಕೇಳಿದರೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವರಿಗೆ ತಡೆಯಲಾಗಲಿಲ್ಲ. ಎರಡು ದಿನ ಕೂತು ಪ್ರತಿ ತಂತಿಗೂ ಚೀಟಿ ಅಂಟಿಸಿದರು. ಆಗ ಇದ್ದ ಎಂಜಿನಿಯರ್ ಹುಡುಗಿ ಅದನ್ನು ನೋಡಿ, "ಅಂಕಲ್, ನೀವೇ ಇದನ್ನ ಕಲ್ತುಬಿಡಿ" ಎಂದು ಹಿಡಿದು ಕೂರಿಸಿದಳು. ನಲವತ್ತೆರಡನೆಯ ವಯಸ್ಸಿನಲ್ಲಿ, ತಮ್ಮ ಮಗಳ ವಾರಿಗೆಯ ಮಕ್ಕಳ ಜೊತೆ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತರು. ಪರೀಕ್ಷೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೂ ಇವರು ಬರೆಯುತ್ತಿದ್ದರಂತೆ. ಆದರೂ ಪಾಸಾದರು.

ಇನ್ನು ಆ ಶನಿವಾರದ ಮಾತು. ನಾನು ಅಲ್ಲಿರಲಿಲ್ಲ. ಬುಧವಾರ ನನ್ನ ಆಪರೇಶನ್ ಆಗಿತ್ತು, ಕತ್ತಿನಲ್ಲಿ ನಳಿಕೆ ಇಟ್ಟುಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಛಾವಣಿ ನೋಡುತ್ತಿದ್ದೆ. ಉಸಿರು ಬಿಟ್ಟರೆ ಗಾಳಿ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಆಗ ನನ್ನ ದನಿ ಎಂಬುದು ಈ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಅದು ಆ ಕಿರಿದಾದ ಕೋಣೆಯ ಯಂತ್ರದೊಳಗೆ ಮಾತ್ರ. ಸೋಮವಾರ ಅದನ್ನು ದನಿ ಕಟ್ಟುವವರಿಗೆ ಕಳಿಸಬೇಕಾಗಿತ್ತು.

ದನಿ ಹಿಡಿಯುವ ಸಾಫ್ಟ್‌ವೇರ್ ಕೊಟ್ಟ ಕಂಪನಿ ಆ ಶನಿವಾರ ಹೊಸ ಆವೃತ್ತಿ ಹಾಕಿಸಲು ಹೇಳಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಆಡಳಿತ ಮಂಡಳಿಯವರು ನೋಡಲು ಬರುವವರಿದ್ದರು. ಹತ್ತು ಗಂಟೆಗೆ ಕಂಪನಿಯ ಎಂಜಿನಿಯರ್ ಬೇರೆ ಊರಿನಿಂದ ಫೋನಿನಲ್ಲಿ ಬಂದ. "ಎರಡು ನಿಮಿಷದ ಕೆಲಸ ಸಾರ್. ಹಳೆ ಕಂಟೇನರ್ ನಿಲ್ಲಿಸಿ, ಹೊಸದು ಶುರು ಮಾಡಿ, ಅಷ್ಟೇ."

ಕಂಟೇನರ್ ಎಂದರೇನು ಎಂದು ನಾನು ಆಮೇಲೆ ಕೇಳಿದಾಗ ತಡೀರಿ ಅಣ್ಣ ನನ್ನಂಥವಳಿಗೂ ಅರ್ಥವಾಗುವಂತೆ ಹೇಳಿದರು. ದೊಡ್ಡ ಯಂತ್ರದೊಳಗೆ ಒಂದು ಮುಚ್ಚಿದ ಡಬ್ಬಿ. ಸಾಫ್ಟ್‌ವೇರ್ ತನಗೆ ಬೇಕಾದ ಸಾಮಾನೆಲ್ಲ ಇಟ್ಟುಕೊಂಡು ಆ ಡಬ್ಬಿಯೊಳಗೇ ಓಡುತ್ತದೆ. ಡಬ್ಬಿ ಆಗಾಗ ಬದಲಾಗುತ್ತದೆ, ಆದ್ದರಿಂದ ಉಳಿಯಬೇಕಾದ ವಸ್ತುವನ್ನು ಡಬ್ಬಿಯಲ್ಲಿ ಇಡಬಾರದು. ಹೊರಗಿನ ಕಪಾಟಿಗೆ ಒಂದು ಕಿಂಡಿ ಕೊರೆದಿರುತ್ತಾರೆ, ಅದರ ಮೂಲಕ ಹೊರಗೆ ಹಾಕಬೇಕು. ನಮ್ಮ ದನಿಗಳು ಹಾಗೆ ಹೊರಗಿನ ಕಪಾಟಿಗೆ ಹೋಗುತ್ತಿವೆ ಎಂದೇ ಎಲ್ಲರೂ ನಂಬಿದ್ದರು. ದಾಖಲೆಯಲ್ಲಿ ಹಾಗೆಯೇ ಬರೆದಿತ್ತು. ಕಪಾಟನ್ನು ದಿನವೂ ನಕಲು ಮಾಡಿಡುವ ಯಂತ್ರದ ಮೇಲೆ ದಿನವೂ ಹಸಿರು ಗುರುತು ಬೀಳುತ್ತಿತ್ತು.

"ತಡೀರಿ" ಎಂದರು ತಡೀರಿ ಅಣ್ಣ ಫೋನಿಗೆ. ಎದ್ದು ಕಪಾಟು ತೆಗೆದು ನೋಡಿದರು. ಅಲ್ಲಿದ್ದ ಕೊನೆಯ ಫೈಲು ನಾಲ್ಕು ತಿಂಗಳ ಹಿಂದಿನದು.

ನಾಲ್ಕು ತಿಂಗಳ ಹಿಂದೆ ಇದೇ ಕಂಪನಿ ಒಂದು ಸಣ್ಣ ಬದಲಾವಣೆ ಮಾಡಿಹೋಗಿತ್ತು. ಅಂದಿನಿಂದ ಸಾಫ್ಟ್‌ವೇರ್ ದನಿಗಳನ್ನು ಡಬ್ಬಿಯೊಳಗಿನ ಬೇರೊಂದು ಮೂಲೆಯಲ್ಲಿ ಇಡಲು ಶುರು ಮಾಡಿತ್ತು. ಕಿಂಡಿ ಹಳೆಯ ಮೂಲೆಯಲ್ಲೇ ಉಳಿದಿತ್ತು. ಕೇಳಿದಾಗೆಲ್ಲ ದನಿ ಕೇಳಿಸುತ್ತಿತ್ತು, ಡಬ್ಬಿ ಓಡುತ್ತಿತ್ತಲ್ಲ, ಯಾರಿಗೆ ಅನುಮಾನ ಬರಬೇಕು? ನಕಲು ಮಾಡುವ ಯಂತ್ರವೂ ಪಾಪ, ಹೊಸದೇನೂ ಬೀಳದ ಕಪಾಟನ್ನು ದಿನವೂ ನಿಷ್ಠೆಯಿಂದ ನಕಲು ಮಾಡಿ ಹಸಿರು ಗುರುತು ಹಾಕುತ್ತಿತ್ತು. ಎಲ್ಲಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿತ್ತು. ಆ ಡಬ್ಬಿಯನ್ನು ಶುರು ಮಾಡುವಾಗಲೇ, ನಿಲ್ಲಿಸಿದ ಕ್ಷಣ ಅಳಿಸಿಹೋಗು ಎಂದು ಹೇಳಿ ಶುರು ಮಾಡಿದ್ದರು. ಬೀಗದ ಕೈ ಹಿಂದಿರುಗಿಸಿದ ಕೂಡಲೇ ಒಳಗಿದ್ದುದನ್ನೆಲ್ಲ ಗುಡಿಸಿ ಎಸೆಯುವ ಲಾಡ್ಜಿನ ಕೋಣೆಯ ಹಾಗೆ. ಒಂಬತ್ತು ಜನರ ದನಿ ಅದರೊಳಗಿತ್ತು. ಅದರಲ್ಲಿ ಮೂವರಿಗೆ ಆಪರೇಶನ್ ಆಗಿಹೋಗಿತ್ತು. ಮೂವರಲ್ಲಿ ನಾನೊಬ್ಬಳು.

"ಸಾರ್, ಲೈನಲ್ಲಿದ್ದೀರಾ? ನಿಲ್ಸಿದ್ರಾ?" ಎಂದ ಫೋನಿನವನು.

"ಇಲ್ಲ. ಒಳಗೆ ಜನ ಇದ್ದಾರೆ."

"ಒಳಗೆ ಏನೂ ಇರಲ್ಲ ಸಾರ್. ಎಲ್ಲ ಹೊರಗೇ ಸೇವ್ ಆಗತ್ತೆ. ಡಾಕ್ಯುಮೆಂಟ್ ನೋಡಿ, ಬರೆದಿದೆ."

"ರಿಜಿಸ್ಟರಲ್ಲಿ ಬರೆದಿದ್ದನ್ನ ನಂಬಿ ನಾನು ಒಂದು ಮದುವೆ ಹಾಳು ಮಾಡಿದ್ದೀನಪ್ಪ" ಎಂದು ಹೇಳಿ ಇವರು ಫೋನ್ ಇಟ್ಟರು. ಆ ಎಂಜಿನಿಯರ್ ಪಾಪ ಇಂದಿಗೂ ಅದರ ಅರ್ಥ ಹುಡುಕುತ್ತಿರಬೇಕು.

ಚಿಕಿತ್ಸಕಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದಳಂತೆ. ಹಿಂದಿನ ದಿನವೇ ಆಸ್ಪತ್ರೆಗೆ ಬಂದು ನನ್ನ ಕೈ ಹಿಡಿದು, ನಿಮ್ಮ ದನಿ ಭದ್ರವಾಗಿದೆ ಎಂದು ಹೇಳಿ ಹೋಗಿದ್ದವಳು ಅವಳು. ಸ್ಪಂಜಿನ ಕೋಣೆಯಲ್ಲಿ ಆಗ ಒಬ್ಬ ಬಡಗಿ ಓದುತ್ತಿದ್ದ. ನಡುವೆ ನಕಲು ತೆಗೆದರೆ ಅವನ ವಾಕ್ಯ ಅರ್ಧಕ್ಕೆ ತುಂಡಾಗುತ್ತದೆ ಎಂದು ತಡೀರಿ ಅಣ್ಣ ಅವನು ಮುಗಿಸುವವರೆಗೂ ಬಾಗಿಲ ಹೊರಗೆ ನಿಂತರು. ಆಮೇಲೆ ಕೋಣೆಗೆ ಬೀಗ ಹಾಕಿ, ಸರ್ವರ್ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದರು: "ಯಾರೂ ಒಳಗೆ ಬರಬೇಡಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಗುಡಿಸುವುದೂ ಬೇಡ." ಪ್ಲಗ್ಗಿನ ಮುಂದೆ ತಮ್ಮ ಸ್ಟೂಲನ್ನೇ ಎಳೆದು ಹಾಕಿ ಕೂತರು.

ಕೆಲಸ ಒಂದೇ ಸಾಲಿನದು. ಯಾವ ಡಬ್ಬಿ, ಅದರೊಳಗಿನ ಯಾವ ಜಾಗ, ಹೊರಗೆ ಎಲ್ಲಿಗೆ. ಈ ಮೂರನ್ನು ಇದೇ ಕ್ರಮದಲ್ಲಿ ಬರೆದರೆ ಡಬ್ಬಿ ಓಡುತ್ತಿರುವಾಗಲೇ ಒಳಗಿನ ವಸ್ತುವಿನ ನಕಲು ಹೊರಗೆ ಬರುತ್ತದೆ. ಹಿಂದುಮುಂದಾದರೆ ಹೊರಗಿನದು ಒಳಗೆ ಹೋಗಿ ಕೂರುತ್ತದೆ. ಚೀಟಿಯ ಹಿಂಬದಿಯಲ್ಲಿ ಬರೆದರು. ಬೆರಳಿಟ್ಟು ಓದಿದರು. ಚಿಕಿತ್ಸಕಿಗೂ ಕೊಟ್ಟು ಗಟ್ಟಿಯಾಗಿ ಓದಿಸಿದರು. ಅವಳು ಹೇಳುತ್ತಾಳೆ, "ನನಗೆ ಆ ಚೀಟಿ ಕಿತ್ಕೊಂಡು ನಾನೇ ಟೈಪ್ ಮಾಡಿಬಿಡೋಣ ಅನ್ನಿಸ್ತು ಮೇಡಂ, ಅಷ್ಟು ನಿಧಾನ."

"ಮೊದಲು ಮುಗಿದ ವಾಕ್ಯಗಳಷ್ಟನ್ನೇ ತಗೊಳ್ಳೋಣ ಅಣ್ಣ. ಪಕ್ಕಕ್ಕೆ ಹಾಕಿದ ತುಣುಕು ಯಾಕೆ? ಅದು ಬೇರೆ ಜಾಗ ತಿನ್ನತ್ತೆ" ಎಂದಳಂತೆ ಅವಳು.

"ತಡೀರಿ. ಹೊರಗೆ ತೆಗೆಯೋವಾಗ ಆರಿಸಬಾರದು. ಇದು ಬೇಕು ಅದು ಬೇಡ ಅಂತ ಈಗ ಬಾಗಿಲಲ್ಲಿ ನಿಂತ್ರೆ ಏನೋ ಒಂದು ಒಳಗೇ ಉಳಿಯತ್ತೆ. ಎಲ್ಲ ಬರಲಿ. ಆರಿಸೋದು ಆಮೇಲೆ ಕೂತು ಮಾಡೋಣ."

ಹತ್ತು ಮುಕ್ಕಾಲಕ್ಕೆ ಶುರುವಾದದ್ದು ಅರ್ಧದಲ್ಲಿ ನಿಂತಿತು. ಅವರ ಮೇಜಿನ ಕಂಪ್ಯೂಟರಿನಲ್ಲಿ ಜಾಗ ಸಾಲಲಿಲ್ಲ. ಚಿಕಿತ್ಸಕಿ ಮನೆಗೆ ಓಡಿ ತನ್ನ ಹಾರ್ಡ್ ಡಿಸ್ಕ್ ತಂದಳು. ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಹನ್ನೊಂದೂವರೆ. ಆಡಳಿತಾಧಿಕಾರಿ ಬಂದು ಬಾಗಿಲ ಚೀಟಿ ಓದಿ ಸಿಡಿಮಿಡಿಗೊಂಡರು. "ಮಂಡಳಿಯವರು ಬರೋ ಹೊತ್ತಾಯ್ತು, ಇನ್ನೂ ಹಳೇದೇ ಓಡ್ತಿದೆ ಅಂತಾರೆ ಆ ಕಂಪನಿಯವರು. ಏನ್ರೀ ನಿಮ್ಮ ಕಥೆ?"

"ತಡೀರಿ ಸಾರ್."

"ಇನ್ನೊಂದು ಸಲ ತಡೀರಿ ಅಂದ್ರೆ ನೋಡಿ!"

ಬೇರೆಯವರಾದರೆ ಹೆದರಿ ಒತ್ತಿಬಿಡುತ್ತಿದ್ದರು. ನಾನಾಗಿದ್ದರೆ ಕೋಪಕ್ಕೆ ಏನಾದರೂ ಒತ್ತಿಬಿಡುತ್ತಿದ್ದೆ. ತಡೀರಿ ಅಣ್ಣ ಸ್ಟೂಲಿನಿಂದ ಏಳಲಿಲ್ಲ. ನಕಲು ಮುಗಿದ ಮೇಲೆ ಒಳಗಿನದನ್ನು ಎಣಿಸಿದರು, ಹೊರಗಿನದನ್ನು ಎಣಿಸಿದರು. ಎರಡೂ ಹದಿನಾಲ್ಕು ಸಾವಿರದ ಇನ್ನೂರ ಆರು. ಒಳಗಿನ ಫೈಲು, ಹೊರಗಿನ ಫೈಲು ತದ್ರೂಪ ಹೌದೇ ಎಂದು ಯಂತ್ರದಿಂದಲೇ ಒಂದೊಂದನ್ನೂ ತಾಳೆ ನೋಡಿಸಿದರು. ಇಷ್ಟಾದ ಮೇಲಾದರೂ ನಿಲ್ಲಿಸಿದರೇ? ಇಲ್ಲ. ಲೆಕ್ಕ ಸರಿಯಿದ್ದರೆ ಸಾಲದು, ಬುಟ್ಟಿ ಬಿಚ್ಚಿ ನೋಡಬೇಕು ಎಂದು ಹಠ ಹಿಡಿದರು. ಇನ್ನು ಯಾವತ್ತೂ ಓದಲಾಗದ ಮೂವರ ದನಿಗಳನ್ನು ಚಿಕಿತ್ಸಕಿ ಮತ್ತು ಅವರು ಹಂಚಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಂಜೆ ಆರರವರೆಗೆ ಕೇಳಿದರು. ನನ್ನ ಪಾಲು ಅವರಿಗೆ ಬಂತು. ಊಟವೂ ಮಾಡದೆ ಕೂತು ನನ್ನ ಸಾವಿರದ ಆರುನೂರು ವಾಕ್ಯಗಳನ್ನು ಒಂದೂ ಬಿಡದೆ ಕೇಳಿದರು. ನೀಲಿ ಛತ್ರಿ ಬಾಗಿಲ ಹಿಂದೆಯೇ ಇತ್ತು, ಸಹಕಾರಕ್ಕೆ ಧನ್ಯವಾದಗಳೂ ಇದ್ದವು. ಆಮೇಲೆ ಹಳೆಯ ಡಬ್ಬಿಯನ್ನು ನಿಲ್ಲಿಸಿದರು.

ಮಂಡಳಿಯವರು ಹಳೆಯ ಆವೃತ್ತಿಯನ್ನೇ ನೋಡಿ, ಚೆನ್ನಾಗಿದೆ ಎಂದು ಹೇಳಿ ಹೋಗಿದ್ದರಂತೆ. ಸೋಮವಾರ ತಡೀರಿ ಅಣ್ಣನಿಗೆ ಕಾರಣ ಕೇಳಿ ನೋಟಿಸ್ ಬಂತು. ಅವರು ಕೊಟ್ಟ ಉತ್ತರ ಎರಡೇ ಸಾಲು: ಒಳಗೆ ಒಂಬತ್ತು ಜನರ ದನಿ ಇತ್ತು. ಅವರನ್ನು ಹೊರಗೆ ಕರೆತರದೆ ನಿಲ್ಲಿಸುವುದು ನನ್ನಿಂದ ಆಗಲಿಲ್ಲ. ಆಡಳಿತಾಧಿಕಾರಿ ಅದನ್ನು ಓದಿ, ಎದ್ದು ಬಂದು, ತಡೀರಿ ಅಣ್ಣನ ಮೇಜಿನ ಮೇಲೆ ಆ ನೋಟಿಸನ್ನು ತಾವೇ ಹರಿದರಂತೆ. ಆ ಅಧಿಕಾರಿಯ ಮೇಲಿನ ನನ್ನ ಸಿಟ್ಟು ಇದನ್ನು ಕೇಳಿದ ಮೇಲೆ ಇಳಿಯಿತು.

ಇದೆಲ್ಲ ನನಗೆ ತಿಳಿದದ್ದು ಎರಡು ತಿಂಗಳ ಮೇಲೆ, ಸಿದ್ಧವಾದ ದನಿಯನ್ನು ತೆಗೆದುಕೊಳ್ಳಲು ಹೋದಾಗ. ಚಿಕಿತ್ಸಕಿ ಅಳುತ್ತಾ ಕ್ಷಮೆ ಕೇಳುತ್ತಾ ಹೇಳಿದಳು. ಆ ಟ್ಯಾಬ್ ಹಿಡಿದುಕೊಂಡು ಸೀದಾ ನಲ್ಲಿಯ ಪಕ್ಕದ ಬಾಗಿಲಿಗೆ ಹೋದೆ. ಎರಡು ತಿಂಗಳ ಮೇಲೆ ನನ್ನ ದನಿಯಲ್ಲಿ ಆಡುವ ಮೊದಲನೆಯ ಮಾತು ಯಾವುದಾಗಿರಬೇಕು ಎಂದು ದಾರಿಯಲ್ಲಿ ಏನೇನೋ ಯೋಚಿಸಿದ್ದೆ. ಒತ್ತಿದ್ದು ಇಷ್ಟೇ: "ಅಣ್ಣ, ನಿಮ್ಮಿಂದ ನನ್ನ ದನಿ ಉಳೀತು. ಸಾಯೋವರೆಗೂ ಮರೆಯಲ್ಲ." ದನಿ ನನ್ನದೇ. ನನ್ನದೇ! ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದರು, ಮತ್ತೆ ಇಟ್ಟರು. "ಒಂದು ಪದದಲ್ಲಿ ಸ್ವಲ್ಪ ಕರಕರ ಬರ್ತಿದೆ ಅಕ್ಕ, ಬರೆದುಕೊಳ್ತೀನಿ" ಎಂದರು. ಆ ಮನುಷ್ಯರಿಗೆ ಕೃತಜ್ಞತೆ ಹೇಳುವುದು ಗೋಡೆಗೆ ಹೇಳಿದ ಹಾಗೆ.

ಸಂತೋಷದಿಂದ ಕುಣಿಯುತ್ತಾ ಮನೆಗೆ ಬಂದೆ. ಅಮ್ಮ ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿದ್ದಳು. ನಾನು ದನಿಯಿಲ್ಲದೆ ಇದ್ದ ಎರಡು ತಿಂಗಳಲ್ಲಿ ಅವಳು ತುಂಬಾ ಇಳಿದುಹೋಗಿದ್ದಳು. ನಾನು ಕೈ ಮುಟ್ಟಿದರೆ ನರ್ಸು ಎಂದುಕೊಳ್ಳುವಳು. ಮಗಳೆಲ್ಲಿ ಎಂದು ಯಜಮಾನರನ್ನು ಕೇಳುವಳು. ಇಗೋ ಇಲ್ಲೇ ಇದ್ದಾಳೆ ಎಂದರೆ, ಸುಳ್ಳು ಹೇಳಬೇಡಪ್ಪಾ ಎಂದು ಮುಖ ತಿರುಗಿಸುವಳು. ನಾನು ಅವಳ ಕಾಲ ಬಳಿ ಕೂತು ಒತ್ತಿದೆ: "ಅಮ್ಮ, ನಾನು ಬಂದಿದ್ದೇನೆ. ಹೇಗಿದ್ದೀಯ?"

ಅಮ್ಮ ತಲೆ ಓರೆ ಮಾಡಿ ಕೇಳಿದಳು. "ಯಾರಮ್ಮಾ ನೀವು?"

"ನಾನು ನಿನ್ನ ಮಗಳು ಅಮ್ಮ."

"ದನಿ ಅವಳ ಥರಾನೇ ಇದೆ" ಎಂದಳು ಅಮ್ಮ ನಿಧಾನಕ್ಕೆ. "ಆದ್ರೆ ನಮ್ಮ ಹುಡುಗಿ ಇಷ್ಟು ಮರ್ಯಾದೆಯಾಗಿ ಮಾತಾಡಲ್ಲಮ್ಮಾ. ನೀವು ಅವಳ ಸ್ನೇಹಿತೇನಾ? ಕೂತ್ಕೊಳ್ಳಿ, ಅವಳು ಬರ್ತಾಳೆ."

ಯಜಮಾನರು ನಕ್ಕುಬಿಟ್ಟರು, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಸದ್ದಿಲ್ಲದೆ ಅಳುವುದನ್ನೂ ಕಲಿಯಬೇಕಾಗಿತ್ತು, ಅದೂ ಆಯಿತು. ಮೂರು ವಾರ ಇದೇ ಪಾಡು. ನಾನು ಒತ್ತುವುದು, ಅಮ್ಮ ಹೊರಗಿನವರಿಗೆ ಹೇಳುವಂತೆ ಹೌದಮ್ಮಾ, ಆಗಲಮ್ಮಾ ಎನ್ನುವುದು. ನನ್ನ ಕೈಯಿಂದ ಎರಡು ತುತ್ತಿನ ಮೇಲೆ ತಿನ್ನದೆ, "ನಿಮಗ್ಯಾಕೆ ತೊಂದರೆ" ಎಂದು ಬಾಯಿ ಮುಚ್ಚುವುದು.

ಸಿಟ್ಟು ನೆತ್ತಿಗೇರಿ ಚಿಕಿತ್ಸಾಲಯಕ್ಕೆ ಹೋದೆ. ಚಿಕಿತ್ಸಕಿಯ ಮುಂದೆ ಟ್ಯಾಬ್ ಕುಕ್ಕಿ ಬೈಗುಳ ಒತ್ತಿದೆ. ಅದು ನನ್ನ ದನಿಯಲ್ಲಿ, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಷ್ಟು ವಿನಯವಾಗಿ ಬೈಯಿತು. ಅವಳು ತಲೆ ತಗ್ಗಿಸಿದಳು. "ಕಟ್ಟಿದ ದನಿಗೆ ಕೋಪ ಬರಲ್ಲ ಮೇಡಂ. ನೀವು ಓದಿದ್ದು ಶಾಂತವಾಗಿ ಅಲ್ವಾ, ಅದರಿಂದಾನೇ ಕಟ್ಟಿರೋದು."

ಬಾಗಿಲಲ್ಲಿ ತಡೀರಿ ಅಣ್ಣ ನಿಂತಿದ್ದರು. ಆ ಕರಕರದ ಚೀಟಿ ಹಿಡಿದು ಬಂದಿದ್ದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ತಡೀರಿ ಅಕ್ಕ" ಎಂದರು. "ಶಾಂತವಾಗಿಲ್ಲದ್ದೂ ಇದೆ."

ಹೊರಗೆ ತೆಗೆದ ಫೈಲುಗಳಲ್ಲಿ ಪಕ್ಕಕ್ಕೆ ಹಾಕಿದ ತುಣುಕುಗಳು ಹಾಗೆಯೇ ಇದ್ದವು. ನನ್ನದೇ ಮುನ್ನೂರ ಹನ್ನೆರಡು. ನನ್ನ ಒಪ್ಪಿಗೆ ಕೇಳಿ, ಎರಡು ಮಧ್ಯಾಹ್ನ ನಾವು ಮೂವರೂ ಕೂತು ಒಂದೊಂದನ್ನೇ ಕೇಳಿದೆವು. ವಾಕ್ಯಗಳ ನಡುವೆ ಮೈಕ್ ಓಡುತ್ತಿದ್ದಾಗ ನಾನು ಏನೇನು ಆಡಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಕೆಮ್ಮಿದ್ದೆ. ನೀಲಿ ಛತ್ರಿ ಓದಿ ಕಿಸಕ್ಕನೆ ನಕ್ಕಿದ್ದೆ. ಪಕ್ಕದ ಕಟ್ಟಡದಲ್ಲಿ ಗೋಡೆ ಕೊರೆಯುತ್ತಿದ್ದವನ ವಂಶವನ್ನೇ ಜಾಲಾಡಿದ್ದೆ. "ಆ ತಡೀರಿ ಅಣ್ಣ ಮೈಕ್ ರಿಪೇರಿ ಮಾಡೋಷ್ಟರಲ್ಲಿ ನನಗೆ ಮೊಮ್ಮಕ್ಕಳಾಗ್ತಾರೆ" ಎಂದೂ ಒಂದು ತುಣುಕಿತ್ತು. ಆ ಶನಿವಾರ ಅವರು ಕೇಳಿದ್ದು ಸರಿಯಾಗಿ ಓದಿದ ವಾಕ್ಯಗಳನ್ನಷ್ಟೇ, ಹಾಗಾಗಿ ಅದನ್ನು ಅಂದೇ ಮೊದಲ ಸಲ ಕೇಳಿದ್ದು. ನಾನು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. "ಇದನ್ನೂ ಇಟ್ಕೊಳ್ಳಿ ಅಕ್ಕ, ಉಪಯೋಗಕ್ಕೆ ಬರತ್ತೆ" ಎಂದು ಅವರು ಗಂಭೀರವಾಗಿ ಹೇಳಿ, ಮುಂದಿನ ತುಣುಕಿಗೆ ಹೋದರು. ತೊಂಬತ್ತನ್ನು ಆರಿಸಿ ನನ್ನ ಟ್ಯಾಬಿನಲ್ಲಿ ಒಂದೊಂದಕ್ಕೂ ಒಂದು ಗುಂಡಿ ಮಾಡಿ ಕೊಟ್ಟರು. ಗುಂಡಿ ಒತ್ತಿದರೆ ಸಾಕು, ಕಟ್ಟಿದ ದನಿಯಲ್ಲ, ಆ ದಿನ ನನ್ನ ಗಂಟಲಿನಿಂದಲೇ ಬಂದ ಮಾತು.

ಮನೆಗೆ ಬಂದಾಗ ಸಂಜೆ ಐದಾಗಿತ್ತು. ಅಮ್ಮ ಗೋಡೆ ಹಿಡಿದುಕೊಂಡು ಬಚ್ಚಲ ಕಡೆ ಹೊರಟಿದ್ದಳು. ತೊಂಬತ್ತು ಗುಂಡಿಗಳಲ್ಲಿ ಒಂದು, ನಾನು ಓದುತ್ತಿದ್ದಾಗ ಮನೆಯಿಂದ ಬಂದ ಫೋನಿಗೆ ಉತ್ತರಿಸಿದ್ದು. ಅದನ್ನು ಒತ್ತಿದೆ.

"ಅಮ್ಮಾ! ಚಪ್ಪಲಿ ಹಾಕ್ಕೊಳ್ಳದೆ ಬಚ್ಚಲಿಗೆ ಹೋಗಬೇಡ ಅಂತ ಎಷ್ಟು ಸಲ ಬಡ್ಕೊಳ್ಳಿ ನಿನಗೆ? ಬಿದ್ದು ಸೊಂಟ ಮುರ್ಕೊಂಡ್ರೆ ಎತ್ತೋಳು ನಾನೇ ತಾನೇ?"

ಅಮ್ಮ ನಿಂತಲ್ಲೇ ನಿಂತಳು. ಗೋಡೆಯ ಮೇಲಿದ್ದ ಅವಳ ಕೈ ಗಾಳಿಯಲ್ಲಿ ನನ್ನ ಕಡೆ ಬಂತು.

"ಹಾಕ್ಕೊಂಡಿದ್ದೀನಿ ಕಣೇ!" ಎಂದು ಗದರಿದಳು. "ಬಂದ ಕೂಡ್ಲೇ ಶುರು ಮಾಡಿದ್ಯಾ? ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ? ಯಾರೋ ಒಬ್ಬಳು ಬಂದು ಅನ್ನ ತಿನ್ನಿಸ್ತಾಳೆ, ಒಳ್ಳೆಯವಳೇ ಪಾಪ, ಆದ್ರೆ ನನಗೆ ನೀನು ಬೇಕು ಕಣೇ."

ಇದಕ್ಕೆ ಉತ್ತರ ಕೊಡಲು ತೊಂಬತ್ತರಲ್ಲಿ ಒಂದು ಗುಂಡಿಯೂ ಇರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡು, ಇನ್ನೊಂದು ಕೈಯಿಂದ ತಡವರಿಸುತ್ತಾ ಒಂದೊಂದೇ ಅಕ್ಷರ ಒತ್ತಿದೆ. ಆ ಕಟ್ಟಿದ ದನಿ, ಸ್ವಲ್ಪ ಕರಕರ ಎನ್ನುತ್ತಾ, ವಿನಯವಾಗಿ ಹೇಳಿತು: "ಇಲ್ಲೇ ಇದ್ದೆ ಅಮ್ಮ."

ಅಮ್ಮ ಈ ಸಲ ಯಾರು ಎಂದು ಕೇಳಲಿಲ್ಲ. "ಗಂಟಲು ಕಟ್ಟಿದೆಯಲ್ಲೇ ನಿನಗೆ" ಎಂದು ನನ್ನ ಕತ್ತು ಸವರಿದಳು.